ಪಕ್ಕದ ಸೀಟಿನ ಬ್ರೇಕು

ಜೂನ್ ೪

ಅಕ್ಕಾ,

ಮೊದಲು ನಷ್ಟದ ಪಟ್ಟಿ, ಕಾರಣ ಆಮೇಲೆ. ಎರಡನೇ ಕಾರಿನ ಹಿಂದಿನ ದೀಪ, ಒಂದು. ಅದರ ಪಕ್ಕದಲ್ಲೇ ಸೋರೆಕಾಯಿ ಗಾತ್ರದ ತಗ್ಗು, ಒಂದು. ‘ನಾಳೆಯಿಂದ ಬರಲ್ಲ ಸಾರ್’ ಎಂದು ನಡುರಸ್ತೆಯಲ್ಲೇ ಇಳಿದುಹೋದ ವಿದ್ಯಾರ್ಥಿ, ಒಬ್ಬ. ಅರ್ಧ ಬರೆದು ನಿಂತಿರುವ ಹೊಸ ಬೋರ್ಡು, ಒಂದು. ಮಗಳು, ಒಬ್ಬಳು.

ಕೊನೆಯ ಬಾಬತ್ತು ಈ ಪತ್ರಕ್ಕಿಂತ ಮೊದಲೇ ಬ್ಯಾಗು ಸಮೇತ ನಿನ್ನ ಮನೆ ತಲುಪಿ, ತನ್ನ ಕಡೆಯ ಕಥೆ ಹೇಳಿಯೂ ಆಗಿರುತ್ತದೆ. ನನ್ನ ಕಡೆಯದನ್ನೂ ಕೇಳು. ಫೋನಿನಲ್ಲೇ ಹೇಳುತ್ತಿದ್ದೆ. ಆದರೆ ಫೋನಿನಲ್ಲಿ ನಾನು ನಿನ್ನ ಮಾತು ಮುಗಿಯಲು ಬಿಡುವುದಿಲ್ಲ, ಏನಿದ್ದರೂ ಬರೆದು ಹಾಕು ಎಂದು ನೀನು ಕಟ್ಟಪ್ಪಣೆ ಮಾಡಿ ಎಷ್ಟೋ ಕಾಲವಾಯಿತಲ್ಲ.

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಎಡವಟ್ಟು ಮಾಡಿದಾಗ ಪಕ್ಕದಲ್ಲಿ ಕೂತವರು ಒತ್ತಲಿಕ್ಕೆ. ಮಗಳಿಗೆ ಕಲಿಸುವ ಲೈಸೆನ್ಸು ಬಂತೆಂದು ಎರಡನೇ ಕಾರನ್ನು ಅವಳಿಗೇ ಬಿಟ್ಟುಕೊಟ್ಟೆ. ‘ತಂದೆ ಮತ್ತು ಮಗಳು’ ಎಂದು ಬೋರ್ಡು ಬರೆಯಲು ಪೇಂಟರಿಗೂ ಹೇಳಿದೆ. ನಿನ್ನೆ ಅವಳ ಮೊದಲ ಪಾಠ. ನಾನು ಸುಮ್ಮನೆ ಹಿಂದಿನ ಸೀಟಿನಲ್ಲಿ ಕೂತೆ. ಎಲ್ಲಾ ಸರಿಯಾಗಿಯೇ ಇತ್ತು. ಮುಂದೆ ಒಂದು ನಾಯಿ ರಸ್ತೆ ದಾಟುವ ಯೋಚನೆಯಲ್ಲಿದ್ದಂತೆ ಕಂಡಿತು. ನಾನು ‘ಬ್ರೇಕ್!’ ಎಂದೆ. ಎಂದೆ ಅಂದರೆ, ಕೂಗಿದೆ. ಕಲಿಯುತ್ತಿದ್ದ ಹುಡುಗ ಬೆಚ್ಚಿಬಿದ್ದು ಒತ್ತಿದ, ಮಗಳೂ ಬೆಚ್ಚಿಬಿದ್ದು ಒತ್ತಿದಳು, ಹಿಂದಿನ ಗಾಡಿಯವನು ಬಂದು ಗುದ್ದಿದ.

“ಅಪ್ಪಾ, ಈ ಕಾರಲ್ಲಿರೋದು ಎರಡು ಬ್ರೇಕು. ಮೂರನೇದು ನೀನು!”

“ನಾನಿಲ್ದಿದ್ರೆ ಆ ನಾಯಿ ಹೋಗಿರೋದು.”

“ನಾಯಿ ಮಲಗಿತ್ತಪ್ಪಾ! ಫುಟ್‌ಪಾತ್ ಮೇಲೆ!”

“ಎದ್ದಿದ್ರೆ?”

ಅಷ್ಟೇ ಅಕ್ಕ. ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು ನಡೆದೇಬಿಟ್ಟಳು.

‘ಎದ್ದಿದ್ದರೆ?’ ಎನ್ನುವುದು ಅವಳಿಗೆ ಹಾಸ್ಯ. ನನ್ನ ಇಡೀ ಸ್ಕೂಲು ನಿಂತಿರುವುದು ಆ ಒಂದು ಪ್ರಶ್ನೆಯ ಮೇಲೆ. ಲಾರಿ ತೊಳೆಯುತ್ತಿದ್ದವನು ಎರಡು ಕಾರಿನ ಯಜಮಾನನಾದದ್ದು, ಪ್ರತಿ ತಿರುವಿನ ಆಚೆಗೂ ಒಂದು ಲಾರಿ ಬರುತ್ತಿದೆ ಎಂದು ನಂಬಿದ್ದಕ್ಕೆ. ನಿನ್ನೆಯಿಂದ ಬೈಯುತ್ತಲೇ ಇರುವ ನಮ್ಮ ಮನೆಯವಳು ನನ್ನ ಜೊತೆ ಮಾತು ಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಬಿಟ್ಟಿಲ್ಲ.

ಮಗಳು ಚೆನ್ನಾಗಿ ನಿದ್ದೆ ಮಾಡಲಿ. ಕಾರಿನ ಮಾತು ಎತ್ತಬೇಡ. ಕೋಪ ಇಳಿದ ಮೇಲೆ ಕಳಿಸಿಕೊಡು. ಅವಳಿಲ್ಲದೆ ಆಫೀಸಿನ ಮೇಜು ತುಂಬಾ ಅಗಲವಾಗಿ ಕಾಣುತ್ತದೆ.

ನಿನ್ನ ತಮ್ಮ


ಜೂನ್ ೧೧

ತಮ್ಮಾ,

ಕೊನೆಯ ಬಾಬತ್ತು ಸುರಕ್ಷಿತವಾಗಿ ತಲುಪಿದೆ. ತಗ್ಗು ಬಿದ್ದಿದೆ, ಆದರೆ ತೆಗೆಯಬಹುದಾದ ತಗ್ಗು.

ಚೆನ್ನಾಗಿ ಉಣ್ಣುತ್ತಾಳೆ, ಮಲಗುತ್ತಾಳೆ. ಬೆಳಿಗ್ಗೆ ಸಂಜೆ ನನ್ನನ್ನೂ ಎಳೆದುಕೊಂಡು ಗಾಳಿಗೆ ಹೋಗುತ್ತಾಳೆ. ಇಬ್ಬರ ಕೆನ್ನೆಗೂ ಬಣ್ಣ ಬಂದಿದೆ ಎಂದು ಎದುರು ಮನೆಯವರು ಹೇಳಿದರು. ನೀನು ಹೇಳಿದಂತೆ ಕಾರಿನ ಮಾತು ನಾನಾಗಿ ಎತ್ತಿಲ್ಲ.

ನಿನ್ನ ಭಾವ ಹೋದ ಮೇಲೆ ಶೆಡ್ಡಿನಲ್ಲಿ ಕಾರಿನ ಮೇಲೆ ಹೊದಿಸಿದ್ದ ಟಾರ್ಪಾಲು ಹಾಗೇ ಇದೆ ಎಂದು ಪ್ರತಿ ಪತ್ರದಲ್ಲೂ ಬೈಯುತ್ತಿದ್ದೆಯಲ್ಲ, ಅವಳು ಬಂದ ಮೂರನೇ ದಿನವೇ ಅದನ್ನು ತೆಗೆದೆವು. ಒಳಗೆ ಗುಬ್ಬಚ್ಚಿ ಸಂಸಾರ ಮಾಡಿಕೊಂಡು ಖಾಲಿ ಮಾಡಿಯೂ ಹೋಗಿತ್ತು. ಮೆಕ್ಯಾನಿಕ್ಕು ಬಂದು ಬ್ಯಾಟರಿ, ಟೈರು, ಬ್ರೇಕು ಎಲ್ಲಾ ನೋಡಿ, ‘ಯಜಮಾನ್ರು ಮಗು ಥರ ಇಟ್ಕೊಂಡಿದ್ರು’ ಎಂದರು. ಸ್ವಲ್ಪ ಹೊತ್ತು ನಾನು ಒಳಗೆ ಹೋಗಿ ಪಾತ್ರೆ ತೊಳೆದೆ. ತೊಳೆದಿದ್ದ ಪಾತ್ರೆಗಳನ್ನೇ.

ಎರಡು ಪ್ರಶ್ನೆ, ಸುಮ್ಮನೆ ಕುತೂಹಲಕ್ಕೆ. ಏರಿನಲ್ಲಿ ನಿಲ್ಲಿಸಿದ ಕಾರನ್ನು ಹೊರಡಿಸುವಾಗ ಅದು ಹಿಂದಕ್ಕೆ ಜಾರುತ್ತದಲ್ಲ, ಏಕೆ? ನಮ್ಮ ಬೀದಿಯ ಏರಿನಲ್ಲಿ ಒಬ್ಬರು ದಿನಾ ಒದ್ದಾಡುತ್ತಾರೆ, ನೋಡಲಾಗುವುದಿಲ್ಲ.

ಇನ್ನೊಂದು: ನಿನ್ನ ವಿದ್ಯಾರ್ಥಿಗಳಲ್ಲಿ ಮೊದಲ ಸಲಕ್ಕೇ ಪಾಸಾಗುವವರು ಎಷ್ಟು ಜನ?

ಅಕ್ಕ


ಜೂನ್ ೧೬

ಅಕ್ಕಾ,

ಭೇಷ್! ಟಾರ್ಪಾಲು ತೆಗೆದೆ, ಮೆಕ್ಯಾನಿಕ್ಕಿಗೆ ತೋರಿಸಿದೆ ಎಂದರೆ ಮಾರುವ ಮನಸ್ಸು ಮಾಡಿದ್ದೀಯ ಎಂದೇ ಅರ್ಥ. ನನ್ನ ಹತ್ತಿರ ಮುಚ್ಚುಮರೆ ಬೇಡ, ಗಿರಾಕಿಯ ವಾಸನೆ ನನಗೆ ಇಲ್ಲಿಗೇ ಬಡಿಯುತ್ತದೆ. ಹೋದವರ ವಸ್ತುವನ್ನು ಅಪ್ಪಿಕೊಂಡು ಕೂತರೆ ವಸ್ತುವಿಗೂ ತುಕ್ಕು, ನಮಗೂ ತುಕ್ಕು. ಬಿಟ್ಟುಬಿಡಬೇಕು. ಬಿಟ್ಟುಬಿಡುವುದು ಹೇಗೆಂದು ಕಲಿಯಬೇಕಾದರೆ ನನ್ನನ್ನು ನೋಡು. ಲಾರಿ ಬಿಟ್ಟೆ, ಬೀಡಿ ಬಿಟ್ಟೆ, ಮಗಳಿಗೆ ಒಂದು ಇಡೀ ಕಾರು ಬಿಟ್ಟುಕೊಟ್ಟೆ.

ಆ ಏರಿನ ಮಹಾನುಭಾವನಿಗೆ ಹೀಗೆ ಹೇಳು. ಹ್ಯಾಂಡ್‌ಬ್ರೇಕ್ ಎಳೆದಿರಲಿ. ಸ್ವಲ್ಪ ಎಂಜಿನ್ ಏರಿಸಿ, ಕ್ಲಚ್ಚನ್ನು ನಿಧಾನವಾಗಿ ಬಿಡುತ್ತಾ ಬರಲಿ. ಒಂದು ಹಂತದಲ್ಲಿ ಕಾರಿನ ಮೂತಿ ತುಸು ಏಳುತ್ತದೆ, ಮಲಗಿದ ನಾಯಿ ತಲೆ ಎತ್ತಿದ ಹಾಗೆ. ಅದೇ ಕ್ಷಣ. ಆಗ ಹ್ಯಾಂಡ್‌ಬ್ರೇಕ್ ಇಳಿಸಬೇಕು. ಮೊದಲೇ ಇಳಿಸಿದರೆ ಜಾರುತ್ತದೆ. ಇಳಿಸದೆ ಹಿಡಿದೇ ಇದ್ದರೆ ಎಂಜಿನ್ ಉಸಿರುಕಟ್ಟಿ ನಿಂತುಹೋಗುತ್ತದೆ. ಕಾರಿನ ತಪ್ಪಲ್ಲ, ಕೈಯ ತಪ್ಪು.

ನಿನ್ನ ಎರಡನೇ ಪ್ರಶ್ನೆ ಸ್ವಲ್ಪ ಚುಚ್ಚಿತು. ಇಲ್ಲಿನ ಪರೀಕ್ಷೆ ಸಾಹೇಬರಿಗೆ ನನ್ನ ಸ್ಕೂಲಿನ ಮೇಲೆ ಏನೋ ಇದೆ. ನನ್ನ ಪಕ್ಕ ಕೂತಾಗ ರೇಷ್ಮೆ ಜಾರಿದಂತೆ ನಿಲ್ಲಿಸುವವರು, ಸಾಹೇಬರ ಪಕ್ಕ ಕೂತರೆ ನಿಲ್ಲುವ ಗೆರೆಯನ್ನು ದಾಟಿಯೇ ಹೋಗುತ್ತಾರೆ. ನಮ್ಮ ಬೇಕರಿಯಮ್ಮ ಮೂರು ಸಲ ಫೇಲು. ಎಷ್ಟು ಚೆನ್ನಾಗಿ ಬ್ರೇಕ್ ಹಾಕುತ್ತಾರೆ ಗೊತ್ತಾ? ಸಾಹೇಬರ ಮುಖ ನೋಡಿದರೆ ಕಾಲು ಮರಗಟ್ಟುತ್ತದೆ, ಅಷ್ಟೇ.

ಮಗಳು ಏನಾದರೂ ಅಂದಳಾ? ಪೇಂಟರು ದಿನಾ ಬಂದು ತಲೆ ತಿನ್ನುತ್ತಾನೆ. “ಸಾರ್, ‘ತಂದೆ ಮತ್ತು’ ಅಂತ ಬರ್ದು ನಿಂತಿದೀನಿ. ಮತ್ತು ಏನು ಸಾರ್?”

ನಿನ್ನ ತಮ್ಮ


ಜೂನ್ ೨೪

ತಮ್ಮಾ,

ಏರಿನವರಿಗೆ ನಿನ್ನ ಪತ್ರ ಓದಿ ಹೇಳಿದೆ. ಮರುದಿನವೇ ಹತ್ತಿಸಿದರು. ನಾಯಿ ತಲೆ ಎತ್ತಿದ್ದು ಅಂಗಾಲಿಗೇ ಗೊತ್ತಾಯಿತಂತೆ. ಖುಷಿಗೆ ಕಣ್ಣಲ್ಲಿ ನೀರು ಬಂತು, ಅವರಿಗೆ. ನಿನಗೆ ಕಲಿಸುವುದು ಬರುತ್ತದೆ ತಮ್ಮಾ, ನೀನು ದೂರದಲ್ಲಿದ್ದರೆ.

ಕಾರು ಮಾರುವ ವಿಷಯ ಆಮೇಲೆ ನೋಡೋಣ. ನನಗೀಗ ಕುತ್ತಿಗೆ ನೋವು, ಹಿಂದಕ್ಕೆ ತಿರುಗಿ ತಿರುಗಿ ನೋಡಿದ್ದಕ್ಕೆ. ಏನು ನೋಡಿದೆ ಎಂದು ಕೇಳಬೇಡ.

ಮಗಳು ಏನಂದಳು ಎಂದೆಯಲ್ಲ, ಬರೆಯುತ್ತೇನೆ. ಕೋಪದಲ್ಲಿ ಹೇಳಿದ್ದಲ್ಲ, ಬೆಳ್ಳುಳ್ಳಿ ಬಿಡಿಸುತ್ತಾ ಹೇಳಿದ್ದು. “ಅತ್ತೆ, ಅಪ್ಪ ‘ಕಂಬ! ಕಂಬ!’ ಅಂತಾನೆ. ಕಲಿಯೋರ ಕಣ್ಣು ಕಂಬಕ್ಕೆ ಹೋಗುತ್ತೆ. ಕೈ ಯಾವಾಗ್ಲೂ ಕಣ್ಣಿನ ಹಿಂದೆ ಹೋಗುತ್ತೆ. ಹಂಗಾಗಿ ಕಾರು ಕಂಬಕ್ಕೇ ಹೋಗುತ್ತೆ. ಕಂಬದ ಪಕ್ಕ ಅಷ್ಟು ಅಗಲ ದಾರಿ ಇರುತ್ತಲ್ಲ, ಅದನ್ನ ತೋರಿಸ್ಬೇಕು. ನಾನು ‘ದಾರಿ ನೋಡಿ’ ಅಂತೀನಿ, ಅಷ್ಟೇ.” ವಾರ್ಡಿನಲ್ಲಿ ಹೆಡ್ ನರ್ಸಾಗಿ ಇಡೀ ಜೀವನ ಕಳೆದವಳು ನಾನು. ‘ಬೀಳ್ತೀರಿ, ಬೀಳ್ತೀರಿ’ ಎನ್ನುವ ಸಂಬಂಧಿಕರನ್ನು ಹೊರಗೆ ಕಳಿಸಿದ ಮೇಲೇ ರೋಗಿಗಳು ಎದ್ದು ನಡೆದದ್ದು. ಇದು ನನಗೆ ಹೊಳೆಯಲೇ ಇಲ್ಲವಲ್ಲ ಎನಿಸಿತು.

ಈಗ ನಿನಗೆ ಇಷ್ಟವಾಗದ ಸುದ್ದಿ. ಈ ಬೀದಿಯ ನಾಲ್ಕೈದು ಹೆಂಗಸರು ತಮಗೂ ಕಲಿಸು ಎಂದು ಅವಳ ಬೆನ್ನು ಬಿದ್ದಿದ್ದಾರೆ. ಇಲ್ಲೇ ಸ್ವಂತದ್ದು ಶುರು ಮಾಡಿದರೆ ಹೇಗೆ ಎಂದು ಯೋಚಿಸುತ್ತಿದ್ದಾಳೆ. ಮುಂದಿನ ತಿಂಗಳೊಳಗೆ ತೀರ್ಮಾನ ಮಾಡುತ್ತಾಳಂತೆ.

ಅಕ್ಕ


ಜೂನ್ ೨೭

ಅಕ್ಕಾ,

ಸ್ವಂತದ್ದಾ? ಅವಳಿಗೆ ಯಾವ ಕಾರಿದೆ, ಯಾವ ಅನುಭವ ಇದೆ? ಗಿರಾಕಿ ಬರದಿದ್ದರೆ? ಯಾರಾದರೂ ಗುದ್ದಿದರೆ? ನಡೆಯದೇ ಹೋದರೆ? ತಕ್ಷಣ ಕಳಿಸು. ಎರಡನೇ ಕಾರಿಗೆ ಹೊಸ ದೀಪ ಹಾಕಿಸಿದ್ದೇನೆ, ತಗ್ಗು ತೆಗೆಸಿದ್ದೇನೆ. ಇನ್ನು ಮೇಲೆ ಹಿಂದಿನ ಸೀಟಿಗೆ ಬರುವುದಿಲ್ಲ, ಇದು ನನ್ನ ಮಾತು ಎಂದು ಹೇಳು. ಸ್ಕೂಟರಿನಲ್ಲಿ ಹಿಂದೆ ಹಿಂದೆ ಬರುತ್ತೇನೆ, ಅಷ್ಟೇ.

ತಮ್ಮ


ಜುಲೈ ೧

ತಮ್ಮಾ,

ಸ್ಕೂಟರೂ ಹಿಂದಿನ ಸೀಟೇ. ಅವಳಿಗೆ ಓದಿ ಹೇಳಿದೆ. ನಕ್ಕಳು, ಆಮೇಲೆ ನಗಲಿಲ್ಲ.

ಒಂದೇ ಒಂದು ಕೆಲಸ ಮಾಡು. ನಿನ್ನ ಬೂಟುಗಳನ್ನು ತಿರುಗಿಸಿ ಅಟ್ಟೆ ನೋಡು. ನಾನು ಹೇಳುತ್ತಿರುವುದಲ್ಲ, ಅವಳು ಹೇಳಿದ್ದು. ನೋಡುವ ತನಕ ನನಗೆ ಬರೆಯಬೇಡ.

ಅಕ್ಕ


ಜುಲೈ ೧೩

ಅಕ್ಕಾ,

ನೋಡಿದೆ. ನೋಡಿ ಸಿಟ್ಟು ಬಂತು. ಆದ್ದರಿಂದ ತಡ.

ಎಡಗಾಲಿನ ಅಟ್ಟೆ ಅಂಗಡಿಯಿಂದ ಈಗಷ್ಟೇ ತಂದಂತಿದೆ. ಬಲಗಾಲಿನದು ಹಪ್ಪಳದಂತಾಗಿದೆ. ಮಾಡಿದವನ ತಪ್ಪೇ ಇರಬೇಕೆಂದು ಚಪ್ಪಲಿ ರಿಪೇರಿಯವನ ಹತ್ತಿರ ಜಗಳಕ್ಕೆ ಹೋದೆ. ಅವನು ತಿರುಗಿಸಿ ನೋಡಿ, “ಯಜಮಾನ್ರೇ, ಕುಂಟೆಬಿಲ್ಲೆ ಆಡ್ಕೊಂಡೇ ಕೆಲಸಕ್ಕೆ ಹೋಗ್ತೀರಾ?” ಎಂದು ಕೇಳಿದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ವಾಪಸು ಬಂದು ಕಾರಿನಲ್ಲಿ ನನ್ನ ಕಡೆಯ ಮ್ಯಾಟು ಎತ್ತಿ ನೋಡಿದೆ. ಪೆಡಲಿನ ಕೆಳಗೆ, ಹಿಮ್ಮಡಿ ಊರುವ ಜಾಗದಲ್ಲಿ ಮ್ಯಾಟು ತೂತು ಬಿದ್ದಿದೆ.

ಆದರೂ ನಾನು ಒಪ್ಪಲಿಲ್ಲ. ಪರೀಕ್ಷೆ ಮಾಡಿಯೇ ನೋಡೋಣ ಎಂದು ಬೇಕರಿಯಮ್ಮನನ್ನು ಮಾರ್ಕೆಟ್ ಹಿಂದಿನ ಖಾಲಿ ಮೈದಾನಕ್ಕೆ ಕರೆದುಕೊಂಡು ಹೋದೆ. ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಗೋಡೆಯಂತೆ ಜೋಡಿಸಿ, ಅದರ ಮುಂದೆ ಸುಣ್ಣದ ಗೆರೆ ಎಳೆದೆ. ಕಾರಿನಲ್ಲಿ ಕೂತು ನನ್ನ ಸೀಟನ್ನು ಕೊನೆಯ ತನಕ ಹಿಂದೆ ತಳ್ಳಿಕೊಂಡೆ. ಕಾಲು ಚಾಚಿದರೂ ಪೆಡಲು ಸಿಗದಷ್ಟು.

“ಗೆರೆ ಹತ್ರ ನಿಲ್ಸಿ ಅಮ್ಮಾ” ಎಂದೆ.

ಹೊರಟರು. ಗೆರೆ ಬಂತು. ಗೆರೆ ಹೋಯಿತು. ನನ್ನ ಬಲಗಾಲು ಗಾಳಿಯಲ್ಲಿ ಒತ್ತುತ್ತಲೇ ಇತ್ತು. ಪೆಟ್ಟಿಗೆಗಳು ದಡದಡ ಎಂದು ಬಾನೆಟ್ಟಿನ ಮೇಲೆ ಬಿದ್ದು ಎಂಜಿನ್ ಆಫ್ ಆಯಿತು.

“ಮೇಷ್ಟ್ರೇ!” ಎಂದರು ಬೇಕರಿಯಮ್ಮ, ನನ್ನ ಮೇಲೇ ರೇಗಿಕೊಂಡು. “ಬ್ರೇಕು ಬೀಳ್ಲೇ ಇಲ್ವಲ್ಲ!”

“ನೀವು ಒತ್ಬೇಕಮ್ಮಾ!”

“ನಾನಾ? ಇಷ್ಟ್ ದಿನ ನಾನ್ ಕಾಲಿಡೋ ಮುಂಚೆನೇ ಬೀಳ್ತಿತ್ತಲ್ಲ? ನಾನು ಕಾರಿಗೇ ಗೊತ್ತಾಗುತ್ತೆ ಅಂದ್ಕೊಂಡಿದ್ದೆ!”

ಅಕ್ಕ, ಒಂದು ಪೆಟ್ಟಿಗೆ ಮುಂದಿನ ಗಾಜಿಗೆ ಅಂಟಿಕೊಂಡಿತ್ತು. ಅದರ ಮೇಲೆ ‘ಈ ಕಡೆ ಮೇಲೆ’ ಎಂದು ಬರೆದದ್ದು ತಲೆಕೆಳಗಾಗಿ ಕಾಣುತ್ತಿತ್ತು. ನಾನು ಕಲಿಸಿದ್ದು ಅವರಿಗಲ್ಲ, ನನ್ನ ಬಲಗಾಲಿಗೆ. ಪಾಪ, ಪರೀಕ್ಷೆ ಸಾಹೇಬರಿಗೆ ಎಷ್ಟು ಬೈದಿದ್ದೇನೆ!

ಬೇಕರಿಯಮ್ಮ ಅತ್ತುಬಿಡುತ್ತಾರೇನೋ ಎಂದುಕೊಂಡಿದ್ದೆ. ಅವರು ಕೆಳಗಿಳಿದು, ಸೀರೆ ಸಿಕ್ಕಿಸಿಕೊಂಡು ಪೆಟ್ಟಿಗೆಗಳನ್ನು ಮತ್ತೆ ಜೋಡಿಸಿದರು. “ಇನ್ನೊಂದ್ ಸಲ. ನೀವು ಅಲ್ಲೇ ಹಿಂದೆನೇ ಕೂತಿರಿ” ಎಂದರು. ಎರಡನೇ ಸಲ ಗೆರೆಗಿಂತ ಎಷ್ಟೋ ಮೊದಲೇ ನಿಂತರು. ಮೂರನೇ ಸಲ ಗೆರೆಯ ಮೇಲೆ. ನನ್ನ ಬಾಯಿಗೆ ‘ಪೆಟ್ಟಿಗೆ! ಪೆಟ್ಟಿಗೆ!’ ಎಂಬುದು ಬಂದಿತ್ತು. ನುಂಗಿಕೊಂಡು ‘ಗೆರೆ ನೋಡಿ’ ಎಂದೆ. ಮಗಳ ಮಾತು ಅದು. ಅವಳ ಹೆಸರು ಹೇಳದೆ ಬಳಸಿಕೊಂಡೆ, ಅವಳಿಗೆ ಹೇಳಬೇಡ.

ಬೇಡ, ಹೇಳು.

ತಮ್ಮ


ಜುಲೈ ೧೭

ತಮ್ಮಾ,

ನಿನ್ನ ಪತ್ರವನ್ನು ಅವಳೇ ಗಟ್ಟಿಯಾಗಿ ಓದಿದಳು. ‘ಕಾರಿಗೇ ಗೊತ್ತಾಗುತ್ತೆ’ ಎನ್ನುವಲ್ಲಿ ನಗು ತಡೆಯಲಾಗದೆ ನನ್ನ ಕೈಗೆ ಕೊಟ್ಟಳು. ಕೊನೆಯ ಎರಡು ಸಾಲನ್ನು ನಾನು ಓದಿದೆ. ಆಗ ಅವಳು ಕಿಟಕಿಯ ಕಡೆಗೆ ತಿರುಗಿಕೊಂಡಳು.

ಇನ್ನು ನನ್ನ ಸರದಿ. ಏರಿನಲ್ಲಿ ಒದ್ದಾಡುತ್ತಿದ್ದ ಮಹಾನುಭಾವ ನಾನೇ. ನಿನ್ನ ಮಗಳೇ ಮೇಷ್ಟ್ರು. ಬಂದ ಮೂರನೇ ದಿನ ಶೆಡ್ಡಿನ ಕಡೆ ನೋಡಿ, “ಅತ್ತೆ, ಎಷ್ಟು ದಿನ ಅಂತ ಎದುರು ಮನೆಯವರ ಗಾಡಿಗೆ ಕಾಯ್ತೀರಾ?” ಎಂದಳು. ಗಾಳಿಗೆ ಹೋಗುತ್ತಿದ್ದೆವು ಎಂದು ಬರೆದದ್ದು ಸುಳ್ಳಲ್ಲ, ಕಿಟಕಿ ಇಳಿಸಿರುತ್ತಿತ್ತು.

ನಿನ್ನ ಭಾವನ ಕಾಲು ಎಷ್ಟು ಉದ್ದ ಎಂದು ನಿನಗೆ ಗೊತ್ತು. ಡ್ರೈವರ್ ಸೀಟನ್ನು ಅವರು ಕೊನೆಯ ತನಕ ಹಿಂದೆ ತಳ್ಳಿಟ್ಟಿದ್ದು ಹಾಗೇ ಇತ್ತು. ನಾನು ಅದರಲ್ಲಿ ಕೂತೆ. ಕಾಲು ಯಾವ ಪೆಡಲಿಗೂ ಎಟುಕಲಿಲ್ಲ. ಎರಡು ದಿನ ನಾನು ಬೆನ್ನ ಹಿಂದೆ ದಿಂಬುಗಳನ್ನು ತುರುಕಿಕೊಂಡು ಓಡಿಸಿದೆ ತಮ್ಮಾ, ಸೀಟು ಎಳೆಯಲು ಮನಸ್ಸಾಗದೆ. ಅವಳೇ ಇನ್ನೊಂದು ದಿಂಬು ತಂದುಕೊಟ್ಟಳು. ಮೂರನೇ ದಿನ ನಾನೇ ಕೆಳಗೆ ಕೈಹಾಕಿ ಹಿಡಿಯನ್ನೆತ್ತಿ ಸೀಟನ್ನು ಮುಂದೆ ಎಳೆದೆ. ಕಟ್ ಎಂದಿತು. ಅಷ್ಟೇ. ಅವರು ಎಲ್ಲೂ ಹೋಗಲಿಲ್ಲ, ನನ್ನ ಕಾಲು ಮಾತ್ರ ಎಟುಕಿತು.

ಈ ಕಾರಿನಲ್ಲಿ ಪಕ್ಕದ ಸೀಟಿಗೆ ಬ್ರೇಕೇ ಇಲ್ಲ. ಅವಳ ಹತ್ತಿರ ಇದ್ದದ್ದು ಹ್ಯಾಂಡ್‌ಬ್ರೇಕಿನ ಬಳಿ ಒಂದು ಕೈ, ಮತ್ತೆ ಬಾಯಿ. ಎರಡನ್ನೂ ಕಡಿಮೆ ಬಳಸಿದಳು. ನಾನು ಒಂದು ಹೂಕುಂಡ ಒಡೆದೆ, ಅದೂ ನಮ್ಮದೇ. ಮೊನ್ನೆ ಪರೀಕ್ಷೆ ಇತ್ತು. ಮೊದಲ ಸಲಕ್ಕೇ ಪಾಸು.

ಹೇಳಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಹೇಳಿದ್ದರೆ ನೀನು ಮೊದಲ ಬಸ್ಸಿಗೇ ಬಂದು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದೆ. ಭಾನುವಾರ ನಾವಿಬ್ಬರೂ ಅಲ್ಲಿಗೆ ಬರುತ್ತೇವೆ. ಯಾವ ಬಸ್ಸು ಎಂದು ಕೇಳಬೇಡ.

ಅಕ್ಕ


ಜುಲೈ ೨೦

ಅಕ್ಕಾ,

ಹೆದ್ದಾರಿಯಲ್ಲಿ ಅಕ್ಕಿ ಗೋದಾಮಿನ ತಿರುವಿನಲ್ಲಿ ಯಾವಾಗಲೂ ಲಾರಿ

ಏನಿಲ್ಲ. ಬನ್ನಿ. ಊಟಕ್ಕೆ ಕಾಯುತ್ತಿರುತ್ತೇವೆ.

ತಮ್ಮ


ಆಗಸ್ಟ್ ೬

ಅಕ್ಕಾ,

ನೀವು ಹೋದ ಮೇಲೆ ಮನೆ ಒಂದು ದಿನ ಬಿಕೋ ಎಂದಿತು. ಎರಡನೇ ದಿನಕ್ಕೆ ನಮ್ಮ ಮನೆಯವಳು ಬಾಯಿಬಿಟ್ಟಳು: ನೀನು ಕಾರು ಕಲಿಯುತ್ತಿದ್ದದ್ದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತಂತೆ! “ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ” ಎನ್ನುತ್ತಾಳೆ. ನನ್ನ ಮನೆಯಲ್ಲಿ ನಾನೊಬ್ಬನೇ ಹೊರಗಿನವನು.

ಅವತ್ತು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರೆಲ್ಲಾ ಸುತ್ತಿಸಿದೆಯಲ್ಲ, ಆಗ ಹೇಳದ್ದನ್ನು ಈಗ ಬರೆಯುತ್ತೇನೆ. “ತಮ್ಮಾ, ಅಲ್ಲಿ ಬ್ರೇಕಿಲ್ಲ, ಬರೀ ಮ್ಯಾಟು, ಹರಿದೀಯೆ” ಎಂದೆಯಲ್ಲ? ನನಗೆ ಗೊತ್ತಿತ್ತು ಅಕ್ಕ. ಕಾಲಿಗೆ ಗೊತ್ತಿರಲಿಲ್ಲ. ಗೋದಾಮಿನ ತಿರುವು ಬಂದಾಗ ಕಣ್ಣು ಮುಚ್ಚಿಕೊಳ್ಳಬೇಕೆಂದುಕೊಂಡೆ, ಮಗಳು ಹಿಂದಿನಿಂದ ‘ದಾರಿ ನೋಡಪ್ಪಾ’ ಎಂದಳು. ನೋಡಿದೆ. ಲಾರಿ ಇರಲಿಲ್ಲ. ಅಲ್ಲಿ ಒಂದು ದೊಡ್ಡ ಮರವಿದೆ, ರಸ್ತೆಗೆಲ್ಲಾ ನೆರಳು ಹಾಸಿಕೊಂಡು. ಆ ತಿರುವಿನಲ್ಲಿ ದಿನಾ ಓಡಾಡಿಯೂ ಆ ಮರವನ್ನು ನಾನು ನೋಡಿರಲಿಲ್ಲ. ಲಾರಿಯನ್ನೇ ನೋಡುತ್ತಿದ್ದೆ, ಬಾರದ ಲಾರಿಯನ್ನು.

ನೀನು ಒಳಗೆ ಮಲಗಿದ್ದಾಗ ನಾನೂ ಮಗಳೂ ಮೆಟ್ಟಿಲ ಮೇಲೆ ಕೂತು ಮಾತಾಡಿದ್ದು ನಿನಗೆ ಗೊತ್ತಿರಲಿಕ್ಕಿಲ್ಲ.

“ಎರಡನೇ ಕಾರು ನಿಂದೇ. ನಾನು ಹತ್ತಲ್ಲ. ಸ್ಕೂಟರೂ ಇಲ್ಲ” ಎಂದೆ.

“ಅಪ್ಪಾ, ನಿನ್ನ ಮೇಲೆ ಕೋಪ ಇಲ್ಲ. ಆದ್ರೂ ಅತ್ತೆ ಊರಲ್ಲೇ ಶುರು ಮಾಡ್ಬೇಕು ಅನ್ಸುತ್ತೆ. ಭಾವ್ನೋರ ಕಾರನ್ನ ಅತ್ತೆ ನಂಗೇ ಬಿಟ್ಕೊಡ್ತಾರಂತೆ” ಎಂದಳು. ನಿನ್ನ ಯಜಮಾನರನ್ನು ಅವಳು ನನ್ನ ಬಾಯಿ ಕೇಳಿ ಕೇಳಿ ಚಿಕ್ಕಂದಿನಿಂದ ಹಾಗೇ ಕರೆಯುತ್ತಾಳಲ್ಲ, ಈಗಲೂ ಬಿಟ್ಟಿಲ್ಲ.

‘ನಡೆಯದೇ ಹೋದರೆ?’ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅವಳೂ ಅದಕ್ಕೇ ಕಾಯುತ್ತಿದ್ದಳು, ಮುಖ ನೋಡಿದರೆ ತಿಳಿಯುತ್ತಿತ್ತು.

“ನಡೆದ್ರೆ?” ಎಂದೆ.

“ಏನು?”

“ಅಲ್ಲಮ್ಮ, ನಡೆದುಬಿಟ್ರೆ ಒಂದು ಕಾರು ಸಾಲೋದಿಲ್ವಲ್ಲ. ಜಾಗ ನೋಡ್ಕೊಂಡಿದೀಯಾ?”

ಅವಳು ನನ್ನನ್ನು ನೋಡಿದ ರೀತಿಗೆ ನನ್ನ ಹತ್ತಿರ ಲೆಕ್ಕವಿಲ್ಲ. ಮರುದಿನ ನೀವು ಹೊರಡುವಾಗ ಡಿಕ್ಕಿಯಲ್ಲಿ ಒಂದು ಗೋಣಿಚೀಲ ಇಟ್ಟೆನಲ್ಲ, ಅದು ಎರಡನೇ ಕಾರಿನಿಂದ ಬಿಚ್ಚಿದ ಪಕ್ಕದ ಪೆಡಲು, ಸರಳು ಸಮೇತ. ಮೆಕ್ಯಾನಿಕ್ಕಿನಿಂದಲೇ ಕೂರಿಸಲಿ. ಕಲಿಸುವ ಕಾರಿಗೆ ಅದು ಇರಲೇಬೇಕು. ಸೀಟು ಎಷ್ಟು ಹಿಂದೆ ಇಟ್ಟುಕೊಳ್ಳಬೇಕು ಎಂಬುದು ಅವಳಿಗೆ ಗೊತ್ತು. ನನಗೂ ಈಗ ಗೊತ್ತು: ಕಾಲು ಪೆಡಲಿಗೆ ಸಿಗಬೇಕು, ಆದರೆ ಸ್ವಲ್ಪ ಚಾಚಬೇಕು. ಆ ಚಾಚುವಷ್ಟು ಹೊತ್ತು ಕಲಿಯುವವರದು.

ಪೇಂಟರು ಮತ್ತೆ ಬಂದಿದ್ದ. ‘ಶಾಖೆಗಳು: ಎರಡು’ ಎಂದು ಬರೆಸಿದರೆ ಹೇಗೆಂದು ಮಗಳನ್ನು ಫೋನಿನಲ್ಲಿ ಕೇಳಿದೆ. “ಶಾಖೆ ಅಲ್ಲಪ್ಪಾ, ಬೇರೆ ಸ್ಕೂಲು” ಎಂದಳು. ಅವಳ ಮಾತು ಪೂರ್ತಿ ಮುಗಿಯುವ ತನಕ ಸುಮ್ಮನಿದ್ದೆ ಎಂಬುದನ್ನು ದಯವಿಟ್ಟು ಗಮನಿಸು. ಬೋರ್ಡನ್ನು ಇದ್ದ ಹಾಗೇ ನೇತುಹಾಕಿಸಿದೆ: ‘ತಂದೆ ಮತ್ತು’. ದಾರಿಹೋಕರು ನಿಂತು, ಮತ್ತು ಏನು ಸ್ವಾಮಿ ಎಂದು ಕೇಳುತ್ತ ಒಳಗೆ ಬರುತ್ತಾರೆ. ಬಂದವರಲ್ಲಿ ಇಬ್ಬರು ಪಾಠಕ್ಕೆ ಸೇರಿಯೂ ಆಯಿತು.

ಇನ್ನು ಕೊನೆಯ ಲೆಕ್ಕ. ಬೇಕರಿಯಮ್ಮನಿಗೆ ಲೈಸೆನ್ಸು, ನಾಲ್ಕನೇ ಸಲಕ್ಕೆ. ಸಾಹೇಬರಿಗೆ ಅವರಿಂದ ಒಂದು ತಟ್ಟೆ ಬನ್ನು, ನನ್ನಿಂದ ಒಂದು ನಮಸ್ಕಾರ. ನಿನಗೆ ರಸ್ತೆ. ಮಗಳಿಗೆ ಒಂದು ಕಾರು, ಒಂದು ಪೆಡಲು, ಒಂದು ಬೀದಿ ತುಂಬ ಗಿರಾಕಿಗಳು. ನಮ್ಮ ಮನೆಯವಳಿಗೆ ಗಂಟಲು ಕಟ್ಟದೆ ಸಂಜೆ ಮನೆಗೆ ಬರುವ ಗಂಡ. ಫುಟ್‌ಪಾತಿನ ನಾಯಿಗೆ ನಿದ್ದೆ.

ನನಗೆ ಒಂದು ಮರದ ನೆರಳು, ಒಂದು ಜೊತೆ ಹೊಸ ಬೂಟು. ಇವತ್ತು ತಿರುಗಿಸಿ ನೋಡಿದೆ, ಎರಡೂ ಅಟ್ಟೆ ಸಮವಾಗಿ ಸವೆಯುತ್ತಿವೆ.

ನಿನ್ನ ತಮ್ಮ